ಜೊತೆಗೆ ದುಡಿಯುವವರ ಮೇಲಿನ ಕೋಪ ಮತ್ತು ನಮ್ಮ ಪೂಜೆಯ ಹೊತ್ತು



ಕಳೆದ ತಿಂಗಳ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದದ ಪಂಕ್ತಿಯಲ್ಲಿ ಕುಳಿತಿದ್ದಾಗ, ಪಕ್ಕದಲ್ಲಿದ್ದ ಸೇಡಂ ಕಡೆಯ ತರುಣ ಭಕ್ತರೊಬ್ಬರು ತಗ್ಗಿದ ದನಿಯಲ್ಲಿ ಒಂದು ಮಾತು ಕೇಳಿದರು. “ಕಾಕಾ, ನಸುಕಿನ್ಯಾಗ ಎದ್ದು ಜಳಕಾ ಮಾಡಿ ಅರ್ಧ ತಾಸು ಲಿಂಗಪೂಜಿ ಮಾಡ್ತೀನ್ರಿ. ಆದ್ರ ಗೇಟಿನೊಳಗ ಕಾಲಿಟ್ಟು ಆ ಮನಷ್ಯಾನ ಮಾರಿ ನೋಡಿದ ಕೂಡ್ಲೆ ಸಿಟ್ಟು ನೆತ್ತಿಗೇರ್ತದ್ರಿ. ನನ್ನ ಪೂಜ್ಯಾಗ ಏನರ ತಪ್ಪದ ಏನ್ರಿ?” ಅವರ ತಟ್ಟೆಯಲ್ಲಿದ್ದ ರೊಟ್ಟಿ ಮುಟ್ಟದೆ ಹಾಗೆಯೇ ಆರುತ್ತಿತ್ತು. ನಾನು ಅಲ್ಲಿಯೇ ನಾಲ್ಕು ಮಾತು ಹೇಳಿದೆನಾದರೂ ಆ ಗದ್ದಲದಲ್ಲಿ ಅದು ತೃಪ್ತಿಕರವಾದ ಉತ್ತರವಾಗಲಿಲ್ಲ. ಅದನ್ನು ಇಲ್ಲಿ ಪೂರ್ತಿಗೊಳಿಸಲು ಯತ್ನಿಸುತ್ತೇನೆ.

ಈ ಪ್ರಶ್ನೆ ಅವರೊಬ್ಬರದಲ್ಲ. ವಾಡಿ, ಸೇಡಂ ಭಾಗದ ಸಿಮೆಂಟ್ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರು, ಶಹಾಬಾದ್ ಸುತ್ತಲಿನ ಪರಸಿ ಕಲ್ಲಿನ ಗಣಿಗಳಲ್ಲಿಯೂ ಪಾಲಿಶ್ ಯಂತ್ರಗಳ ಮುಂದೆಯೂ ನಿಲ್ಲುವವರು, ವಾಡಿ ಜಂಕ್ಷನ್ನಿನ ರೈಲ್ವೆ ನೌಕರರು, ಚಿತ್ತಾಪುರ ಮತ್ತು ಚಿಂಚೋಳಿಯ ಶಾಲೆ, ಅಂಗನವಾಡಿ, ಬ್ಯಾಂಕು, ಪಂಚಾಯಿತಿ ಕಚೇರಿಗಳಲ್ಲಿ ಸೇವೆ ಸಲ್ಲಿಸುವವರು, ಎಲ್ಲರ ಬಾಯಲ್ಲಿಯೂ ಇದನ್ನು ಬೇರೆ ಬೇರೆ ರೂಪದಲ್ಲಿ ಕೇಳಿದ್ದೇನೆ. ನೆಂಟರ ಮೇಲೆ ಮುನಿಸು ಬಂದರೆ ನಾಲ್ಕು ತಿಂಗಳು ಅವರ ಮನೆಯ ಹೊಸ್ತಿಲು ತುಳಿಯದೆ ಇರಬಹುದು. ಜೊತೆಗೆ ದುಡಿಯುವವರ ವಿಷಯ ಹಾಗಲ್ಲ. ದಿನಕ್ಕೆ 8 ತಾಸು, ವಾರಕ್ಕೆ 6 ದಿನ ಅವರ ಮುಖವನ್ನು ನೋಡಲೇಬೇಕು, ಅವರ ಕೈಯಿಂದ ಕೆಲಸವನ್ನು ತೆಗೆದುಕೊಳ್ಳಲೇಬೇಕು. ಕಾಯಕವನ್ನು ಬಿಟ್ಟು ಬರುವಂತೆಯೂ ಇಲ್ಲ. ಅಲ್ಲಿ ನುಂಗಿಕೊಂಡ ಸಿಟ್ಟು ಸಂಜೆ ಮನೆಗೆ ಬರುತ್ತದೆ. ಮಡದಿಯ ಮೇಲೋ ಮಕ್ಕಳ ಮೇಲೋ ಇಳಿಯುತ್ತದೆ. ಇಳಿಯಲು ಯಾರೂ ಸಿಗದಿದ್ದರೆ ನಮ್ಮದೇ ರಕ್ತನಾಳಗಳಲ್ಲಿ ಉಳಿಯುತ್ತದೆ.

ಮೊದಲು ಶರೀರದ ಮಾತು. ಕೋಪ ಬಂದಾಗ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳಿಂದ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಸೇರುತ್ತವೆ. ಹೃದಯದ ಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ, ಉಸಿರು ಮೇಲುಮೇಲಿನದಾಗಿ ಬಿರುಸಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹುಲಿ ಎದುರಾದಾಗ ಓಡಲೋ ಹೊಡೆದಾಡಲೋ ನೆರವಾಗಲೆಂದು ಇರುವ ಏರ್ಪಾಡು ಇದು. ಕಾರ್ಖಾನೆಯಲ್ಲಿ ಹುಲಿ ಇಲ್ಲ, ಓಡುವಂತಿಲ್ಲ, ಹೊಡೆದಾಡುವಂತಿಲ್ಲ. ಆದ್ದರಿಂದ ಬೆಂಕಿ ಹೊತ್ತಿಕೊಳ್ಳುತ್ತದೆ, ಅಡಿಗೆ ಆಗುವುದಿಲ್ಲ. ಅಮೆರಿಕದಲ್ಲಿ ಹೃದಯಾಘಾತವಾದ 1,600ಕ್ಕೂ ಹೆಚ್ಚು ರೋಗಿಗಳನ್ನು ಕೇಳಿ ನಡೆಸಿದ, 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಂಡುಬಂದದ್ದು ಇಷ್ಟು: ತೀವ್ರ ಕೋಪ ಬಂದ ಮುಂದಿನ 2 ತಾಸುಗಳಲ್ಲಿ ಹೃದಯಾಘಾತದ ಸಂಭವ ಎರಡು ಪಟ್ಟಿಗಿಂತ ಹೆಚ್ಚು. ಮೊದಲೇ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಈ ಮಾತನ್ನು ಲಘುವಾಗಿ ತೆಗೆದುಕೊಳ್ಳಬಾರದು.

ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೆರಡು ಕಾರಣಗಳು ಸೇರುತ್ತವೆ. ಒಂದು ಬಿಸಿಲು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಬಿಸಿಲಿನಲ್ಲಿ, ಅದರ ಮೇಲೆ ಕಲ್ಲು ಕಾದು ಹೊರಸೂಸುವ ಝಳದಲ್ಲಿ, ನೀರು ಕಡಿಮೆ ಕುಡಿದ ಮನುಷ್ಯ ಸಹಜವಾಗಿಯೇ ಸಿಡುಕುತ್ತಾನೆ. ಇನ್ನೊಂದು ರಾತ್ರಿ ಪಾಳಿ. ನಿದ್ರೆ ಕೆಟ್ಟ ಮಿದುಳಿನಲ್ಲಿ ಭಯ ಮತ್ತು ಸಿಟ್ಟನ್ನು ಎಬ್ಬಿಸುವ ಭಾಗ ಚುರುಕಾಗಿರುತ್ತದೆ, ತಡೆದು ವಿಚಾರಿಸುವ ಭಾಗ ಮಂಕಾಗಿರುತ್ತದೆ. ಈ ಸಂಗತಿ ಹೊಸದೇನಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಭೀಮಾ ನದಿಯ ದಂಡೆಗೆ ಚಂದ್ರಲಾಂಬಾ ಕ್ಷೇತ್ರಕ್ಕೆ ಹೋದವರಿಗೆ ಗೊತ್ತಿರಬಹುದು, ಅಲ್ಲಿನ ಕಾಳಿ ಗುಡಿಯಲ್ಲಿ ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕ ಚಕ್ರವರ್ತಿಯ ಶಾಸನವೆಂದು 1980ರ ದಶಕದಲ್ಲಿ ಬೆಳಕಿಗೆ ಬಂದಿತು. ಆ ಕಲ್ಲಿನ ಒಂದು ಬದಿಯಲ್ಲಿ, ಪರಮತದವರ ಬಗ್ಗೆ ನಾಲಿಗೆಯನ್ನು ಹಿಡಿತದಲ್ಲಿಟ್ಟುಕೊಳ್ಳಬೇಕೆಂದು ಹೇಳುವ ಹನ್ನೆರಡನೆಯ ಬಂಡೆಶಾಸನವಿದೆ. ಇನ್ನೊಂದು ಬದಿಯಲ್ಲಿ ಅಧಿಕಾರಿಗಳಿಗೆಂದೇ ಬರೆಸಿದ ಶಾಸನದ ಭಾಗವಿದೆ. ಈ ಎರಡನೆಯದರ ಹೆಚ್ಚು ಪೂರ್ಣವಾದ ಪಾಠ ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಉಳಿದಿದೆ. ಕೆಲಸವನ್ನು ಕೆಡಿಸುವ ದೋಷಗಳ ಪಟ್ಟಿಯನ್ನು ಅದು ಕೊಡುತ್ತದೆ: ಅಸೂಯೆ, ಸಿಡುಕು, ನಿಷ್ಠುರತೆ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ಆಯಾಸ. ಇವುಗಳಿಂದ ದೂರವಾಗಲು ಮೂಲವಾದದ್ದು ಸಿಡುಕದಿರುವುದು ಮತ್ತು ಆತುರಪಡದಿರುವುದು ಎಂದು ಅರಸ ತನ್ನ ನೌಕರರಿಗೆ ತಿಳಿಹೇಳುತ್ತಾನೆ. 2,200 ವರ್ಷಗಳಿಗೂ ಹಿಂದೆ ಸಿಡುಕನ್ನೂ ಆಯಾಸವನ್ನೂ ಒಂದೇ ಸಾಲಿನಲ್ಲಿ ಇರಿಸಿದವನು ನೌಕರರ ಸ್ವಭಾವವನ್ನು ಚೆನ್ನಾಗಿ ಬಲ್ಲವನೇ ಇರಬೇಕು.

ಇನ್ನು ಪೂಜೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನ್ನದೇ ಕಥೆಯನ್ನು ಹೇಳಬೇಕು. ಹೇಳಲು ಸಂಕೋಚವಿದೆ, ಆದರೆ ಬೇರೆಯವರ ಕಥೆಗಿಂತ ಇದು ಹೆಚ್ಚು ವಿಶ್ವಾಸಾರ್ಹ.

ಈ ಭಾಗದ ಒಂದು ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನಾನು ಬಹುಕಾಲ ಕೆಲಸ ಮಾಡಿದೆ. ಗೂಡಿನಿಂದ ಹೊರಬರುವ ಕ್ಲಿಂಕರಿನ ಮಾದರಿಯನ್ನು ಹೊತ್ತುಹೊತ್ತಿಗೆ ತಂದು, ಅದರಲ್ಲಿ ಕೂಡಿಕೊಳ್ಳದೆ ಉಳಿದ ಸುಣ್ಣ ಎಷ್ಟಿದೆ ಎಂದು ಪರೀಕ್ಷಿಸಿ ರಿಜಿಸ್ಟರಿನಲ್ಲಿ ಬರೆಯುವುದು ನಮ್ಮ ಕಾಯಕ. ನನಗಿಂತ ಮುಂಚಿನ ಪಾಳಿಯಲ್ಲಿ ಇದ್ದವರು ರಾತ್ರಿ ಪಾಳಿಯ ಕೊನೆಯ ಎರಡು ಮಾದರಿಗಳ ಅಂಕಣಗಳನ್ನು ಖಾಲಿ ಬಿಟ್ಟು, ನಾನು ಬರುವ ಮೊದಲೇ ಹೊರಟುಬಿಡುತ್ತಿದ್ದರು. ಬೆಳಗಿನ 6 ಗಂಟೆಗೆ ನಾನು ಕುಳಿತ ಕೂಡಲೇ ಮೇಲಿನವರ ಫೋನು: ಸುಣ್ಣ ಏಕೆ ಏರಿದೆ, ಯಾವಾಗ ಏರಿತು? ನನಗೆ ಏನು ಗೊತ್ತು? ಬೈಗುಳ ಮಾತ್ರ ನನಗೆ. ಒಮ್ಮೆ ಕೇಳಿದ್ದಕ್ಕೆ ಅವರು ಎಲ್ಲರ ಎದುರಿಗೆ, “ನೀವೇನ್ ನಮ್ಮ ಸಾಹೇಬ್ರೇನ್ರಿ?” ಎಂದುಬಿಟ್ಟರು. ಆ ಒಂದು ಮಾತು ನನ್ನೊಳಗೆ ಎರಡು ವರ್ಷ ಬದುಕಿತ್ತು.

ನಸುಕಿನ 4 ಗಂಟೆಗೆ ಎದ್ದು ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿ ಇರಿಸಿಕೊಂಡು ಕೂಡುತ್ತಿದ್ದೆ. ಕಣ್ಣು ಲಿಂಗದ ಮೇಲೆ, ಮನಸ್ಸು ಆ ಮನುಷ್ಯನ ಮೇಲೆ. ಅವರು ಅಂದದ್ದು, ನಾನು ಅನ್ನಬೇಕಾಗಿದ್ದದ್ದು, ನಾಳೆ ಅನ್ನಬೇಕಾದದ್ದು. ಕೊನೆಗೆ ಅದೇ ಪ್ರಾರ್ಥನೆಯೂ ಆಯಿತು: ‘ಅವರು ಮಾಡುವುದನ್ನು ನೀನು ನೋಡುತ್ತಿದ್ದೀಯಲ್ಲ, ಅವರಿಗೆ ಬುದ್ಧಿ ಕಲಿಸು.’ ಆ ಪ್ರಾರ್ಥನೆ ಮುಗಿಸಿ ಎದ್ದಾಗ ಎದೆ ಬಡಿಯುತ್ತಿರುತ್ತಿತ್ತು. ಕಾರ್ಖಾನೆಯ ವಾರ್ಷಿಕ ತಪಾಸಣೆಯಲ್ಲಿ ರಕ್ತದೊತ್ತಡ 160/100 ಬಂದಿತು. ಅಷ್ಟು ದಿನ ನಾನು ಸಿಟ್ಟನ್ನು ದೇವರಿಗೆ ಒಪ್ಪಿಸುತ್ತಿದ್ದೇನೆಂದು ತಿಳಿದಿದ್ದೆ. ನಿಜವಾಗಿ ನಾನು ಅದನ್ನು ಮುಂಜಾನೆ ಅರ್ಧ ತಾಸು ಏಕಾಗ್ರತೆಯಿಂದ ಅಭ್ಯಾಸ ಮಾಡುತ್ತಿದ್ದೆ.

ಶ್ರೀಮಠಕ್ಕೆ ಹೋಗಿ ಪೂಜ್ಯರ ಎದುರು ಇದನ್ನೆಲ್ಲ ಹೇಳಿಕೊಂಡಾಗ ಅವರು ಸಮಾಧಾನವನ್ನೂ ಹೇಳಲಿಲ್ಲ, ಗದರಿಸಲೂ ಇಲ್ಲ. “ಅವರ ಹೆಸರು ಹೆಂಗಿದ್ರೂ ಪೂಜ್ಯಾಗ ಬರಾಕತ್ತದ. ಹೊರಗ ಹಾಕ್ಲಾಕ ಹೋಗಬ್ಯಾಡ್ರಿ. ಬಂದ ಹೆಸರಿಗೆ ಒಂದು ಒಳ್ಳೇದು ಕೇಳಿ ಮುಂದಕ್ಕ ಹೋಗ್ರಿ” ಎಂದರು. ಅಷ್ಟೇ. ಬಸ್ಸಿನಲ್ಲಿ ಬರುವಾಗ ನನಗೆ ಆ ಮಾತಿನ ಮೇಲೂ ಸಿಟ್ಟು ಬಂದಿತ್ತೆಂದು ಹೇಳಿದರೆ ಓದುಗರು ನಗಬಾರದು. ತಪ್ಪು ಮಾಡಿದವರು ಅವರು, ಒಳ್ಳೆಯದನ್ನು ಕೇಳಬೇಕಾದವನು ನಾನೇ?

ಆದರೂ ಆರಂಭಿಸಿದೆ. ಮೊದಲ ಕೆಲವು ದಿನ ಅದು ಶುದ್ಧ ಸುಳ್ಳಾಗಿತ್ತು. ‘ಅವರಿಗೆ ಒಳಿತಾಗಲಿ’ ಎಂದು ಬಾಯಿ ಹೇಳುತ್ತಿತ್ತು, ಮನಸ್ಸು ಪಕ್ಕದಲ್ಲಿ ನಿಂತು ನಗುತ್ತಿತ್ತು. ಆಮೇಲೆ ಒಂದು ಉಪಾಯ ಹೊಳೆಯಿತು. ‘ಒಳಿತು’ ಎಂಬ ದೊಡ್ಡ ಮಾತನ್ನು ಬಿಟ್ಟು ಚಿಕ್ಕದನ್ನು ಕೇಳತೊಡಗಿದೆ: ಇಂದು ಅವರಿಗೆ ಹಗಲಿನಲ್ಲಿ ಚೆನ್ನಾಗಿ ನಿದ್ರೆ ಬರಲಿ. ರಾತ್ರಿ ಪಾಳಿ ಮಾಡಿದವನಿಗೆ ಹಗಲಿನ ನಿದ್ರೆ ಎಷ್ಟು ದುರ್ಲಭವೆಂಬುದು ನನಗೆ ಗೊತ್ತಿತ್ತು. ಆದ್ದರಿಂದ ಈ ಮಾತನ್ನು ಸುಳ್ಳಿಲ್ಲದೆ ಹೇಳಬಹುದಾಗಿತ್ತು. ನಲವತ್ತು ದಿನಗಳ ಹೊತ್ತಿಗೆ ಪೂಜೆಯಲ್ಲಿ ಅವರ ಮುಖ ಬರುವುದು ಕಡಿಮೆಯಾಯಿತು; ಬಂದರೂ ಬೇಗ ಹೋಗುತ್ತಿತ್ತು. ನಾಲ್ಕನೆಯ ತಿಂಗಳಿನಲ್ಲಿ ಒಂದು ದಿನ, ಯಾವ ಸಿದ್ಧತೆಯೂ ಇಲ್ಲದೆ, ಅವರನ್ನು ಕೇಳಿದೆ: “ಮುಂಜಾನಿ ಭಾಳ ಗಡಬಡಿಲೆ ಹೋಗ್ತೀರಿ, ಯಾಕ್ರಿ?” ಅವರು ಒಂದು ಕ್ಷಣ ನೋಡಿ, “ಪ್ಯಾಸೆಂಜರ್ ಗಾಡಿ ತಪ್ಪಿದ್ರ ಮುಂದ ಗಾಡಿ ಇಲ್ರಿ. ಮನ್ಯಾಗ ಪಾರು ಸಾಲಿಗಿ ಹೋಗೂದು ತಪ್ಪತದ, ಬಿಟ್ಟು ಬರಲಾಕ ನಾನೇ ಆಗಬೇಕು” ಎಂದರು.

ಆ ಕಾರಣ ಅಂಕಣವನ್ನು ಖಾಲಿ ಬಿಡುವುದಕ್ಕೆ ಸಾಕಾಗುವಂಥದಲ್ಲ. ಆದರೆ ಅವರು ನನ್ನನ್ನು ಸತಾಯಿಸಲೆಂದೇ ಹಾಗೆ ಮಾಡುತ್ತಿದ್ದಾರೆಂಬ ನನ್ನ ಎರಡು ವರ್ಷದ ನಂಬಿಕೆ ಅಂದು ಬಿದ್ದುಹೋಯಿತು. ಆ ಪ್ರಶ್ನೆಯನ್ನು ಮೊದಲ ದಿನವೇ ಕೇಳಬಹುದಾಗಿತ್ತು. ಕೇಳಲಿಲ್ಲ, ಏಕೆಂದರೆ ನನಗೆ ಉತ್ತರ ಮೊದಲೇ ಗೊತ್ತಿದೆಯೆಂದು ಕೋಪ ಹೇಳುತ್ತಿತ್ತು.

ಪೂಜ್ಯರ ಮಾತಿಗೆ ಹತ್ತಿರವಾದದ್ದನ್ನೇ ಮನೋವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆಂಬುದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ಬ್ರೆಮ್ನರ್, ಕೂಲ್ ಮತ್ತು ಬುಶ್‌ಮನ್ ಎಂಬ ಮೂವರು 2011ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಜನರಿಗೆ ಬೇಕೆಂದೇ ಅವಮಾನವಾಗುವಂತೆ ಮಾಡಿ, ಆಮೇಲೆ ಕೆಲವರಿಗೆ ಒಬ್ಬ ವ್ಯಕ್ತಿಗಾಗಿ ಪ್ರಾರ್ಥಿಸಲು, ಉಳಿದವರಿಗೆ ಅದೇ ವ್ಯಕ್ತಿಯ ಕುರಿತು ಸುಮ್ಮನೆ ಯೋಚಿಸಲು ಹೇಳಿದರು. ಕಷ್ಟದಲ್ಲಿರುವ ಅಪರಿಚಿತರಿಗಾಗಿ ಪ್ರಾರ್ಥಿಸಿದವರಲ್ಲಿ, ಬರಿದೆ ಯೋಚಿಸಿದವರಿಗಿಂತ ಸಿಟ್ಟು ಕಡಿಮೆಯಾಗಿತ್ತು. ಅವಮಾನಿಸಿದವನಿಗಾಗಿಯೇ ಪ್ರಾರ್ಥಿಸಿದವರು ಮುಂದೆ ಅವನೊಡನೆ ಕಡಿಮೆ ಕಠೋರವಾಗಿ ನಡೆದುಕೊಂಡರು. ಇವರಲ್ಲೊಬ್ಬರಾದ ಬುಶ್‌ಮನ್ ಅವರೇ 2002ರಲ್ಲಿ ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದ್ದರು. ಸಿಟ್ಟಿಗೆದ್ದ ಸುಮಾರು 600 ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಆ ಸಿಟ್ಟು ತರಿಸಿದವನನ್ನು ನೆನೆಯುತ್ತ ಗುದ್ದುವ ಚೀಲಕ್ಕೆ ಗುದ್ದಲು ಹೇಳಲಾಯಿತು. ಸಿಟ್ಟನ್ನು ಹೊರಹಾಕಿದರೆ ಹಗುರವಾಗುತ್ತದೆಂಬುದು ನಮ್ಮ ಸಾಮಾನ್ಯ ನಂಬಿಕೆ. ಆದದ್ದು ತಿರುವುಮುರುವು: ಗುದ್ದಿದವರು ಹೆಚ್ಚು ಸಿಟ್ಟಾಗಿದ್ದರು, ಏನೂ ಮಾಡದೆ ಕುಳಿತವರು ಹೆಚ್ಚು ಶಾಂತರಾಗಿದ್ದರು. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಒಬ್ಬರ ಮೇಲೆ ಮತ್ತೊಬ್ಬರು ಕಾರುವ ನಮ್ಮ ಪದ್ಧತಿಯೂ ಆ ಚೀಲದ ಇನ್ನೊಂದು ರೂಪವೇ.

ಇಲ್ಲಿ ಒಂದು ಎಚ್ಚರ. ಈ ಪ್ರಯೋಗಗಳು ಕೆಲವು ನಿಮಿಷಗಳ ಪರಿಣಾಮವನ್ನು ಅಳೆದವು, ವರ್ಷಗಳ ವೈಮನಸ್ಯವನ್ನಲ್ಲ. ಎದುರಿನವರು ಬದಲಾದರೆಂದು ಅವು ಹೇಳುವುದಿಲ್ಲ. ಪ್ರಾರ್ಥಿಸಿದವರು ಬದಲಾದರೆಂದು ಮಾತ್ರ ಹೇಳುತ್ತವೆ.

ಉಸಿರಿನ ಕೆಲಸವೂ ಇದೆ. ಇಟಲಿಯ ವೈದ್ಯರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 23 ಆರೋಗ್ಯವಂತರಿಂದ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ಮಂತ್ರವೊಂದನ್ನೂ ಹೇಳಿಸಲಾಯಿತು. ಎರಡರಲ್ಲಿಯೂ ಅವರ ಉಸಿರಾಟ ತಾನಾಗಿಯೇ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ಶರೀರದ ಸಹಜ ವ್ಯವಸ್ಥೆ ಚುರುಕಾಯಿತು. ಸಾಮಾನ್ಯವಾಗಿ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಷಡಕ್ಷರಿ ಮಂತ್ರವನ್ನು ಅವಸರವಿಲ್ಲದೆ, ಉಸಿರು ಬಿಡುವಾಗ ಒಮ್ಮೆ ಪೂರ್ತಿ ಹೇಳಿ, ಎಳೆದುಕೊಳ್ಳುವಾಗ ಸುಮ್ಮನಿದ್ದು ಜಪಿಸಿದರೆ ನಾವೂ ಆ ಲಯದ ಹತ್ತಿರ ಬರುತ್ತೇವೆ. ಪೂಜೆಯನ್ನು ಗಾಡಿ ಹಿಡಿಯುವವರಂತೆ ಮುಗಿಸಿದರೆ ಈ ಲಾಭ ಸಿಗಲಾರದು.

ನಮ್ಮ ಶರಣ ಪರಂಪರೆ ಕೋಪವನ್ನು ಯಾವ ಸ್ಥಾನದಲ್ಲಿ ಇರಿಸಿದೆ ಎಂಬುದನ್ನು ಓದುಗರು ಬಲ್ಲರು. ಬಾಲ್ಯದಿಂದ ಬಾಯಿಪಾಠವಾಗಿರುವ ಏಳು ಶೀಲಗಳ ವಚನದಲ್ಲಿ ಕಳವು, ಕೊಲೆ, ಹುಸಿಗಳ ಬೆನ್ನಿಗೇ ನಾಲ್ಕನೆಯದಾಗಿ ಬಸವಣ್ಣನವರು ಮುನಿಸನ್ನು ಇರಿಸಿದ್ದಾರೆ. ಐದನೆಯದಾಗಿ ಪರರ ಬಗೆಗಿನ ಅಸಹ್ಯವನ್ನು. ಕಳ್ಳತನ ಮಾಡಿ ಪೂಜೆಗೆ ಕೂಡಲು ನಾವು ಹಿಂಜರಿಯುತ್ತೇವೆ. ಮುನಿಸಿಕೊಂಡು ಕೂಡಲು ಹಿಂಜರಿಯುವುದಿಲ್ಲ.

ಕೆಲಸದ ಜಾಗದಲ್ಲಿ ಹುಟ್ಟಿದ ಕೋಪಕ್ಕೆ ಸೊನ್ನಲಿಗೆಯ ಸಿದ್ಧರಾಮೇಶ್ವರರ ಪ್ರಸಂಗಕ್ಕಿಂತ ಹತ್ತಿರವಾದುದು ನನಗೆ ತೋರುವುದಿಲ್ಲ. ವಾಡಿಯಿಂದ ಗಾಡಿ ಹತ್ತಿದರೆ ಕಲಬುರಗಿಯ ಮುಂದೆ ಸಿಗುವ ಇಂದಿನ ಸೊಲ್ಲಾಪುರವೇ ಆ ಸೊನ್ನಲಿಗೆ. ಸಿದ್ಧರಾಮರು ಕೆರೆ ಕಟ್ಟಿಸುತ್ತಿದ್ದರು, ಗುಡಿ ಕಟ್ಟಿಸುತ್ತಿದ್ದರು. ಸಾವಿರಾರು ಜನ ಮಣ್ಣು ಹೊರುತ್ತ ಕಲ್ಲು ಒಡೆಯುತ್ತ ಅವರೊಡನೆ ದುಡಿಯುತ್ತಿದ್ದರು. ಶೂನ್ಯಸಂಪಾದನೆಯು ಹೇಳುವಂತೆ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಒಡ್ಡರಾಮ ಎಲ್ಲಿದ್ದಾನೆಂದು ಹಗುರವಾಗಿ ಕೇಳಿದರು. ತಮ್ಮ ಗುರುವನ್ನು ಹಾಗೆ ಕರೆದದ್ದು ಕೆಲಸಗಾರರಿಗೆ ಸಹಿಸಲಿಲ್ಲ. ಕೈಯಲ್ಲಿದ್ದ ಕಲ್ಲುಗಳನ್ನೇ ಬೀಸಿದರು. ಸುದ್ದಿ ಕೇಳಿ ಬಂದ ಸಿದ್ಧರಾಮರು ತಾವೂ ಕನಲಿ ಹಣೆಗಣ್ಣಿನ ಬೆಂಕಿಯನ್ನು ತೆರೆದರು. ಅದು ಪ್ರಭುಗಳನ್ನು ಸುಡಲಾರದೆ ಹೋಯಿತು. ಅಷ್ಟು ಲೋಕೋಪಕಾರ ಮಾಡಿದ, ಅಷ್ಟು ತಪಸ್ಸು ಮಾಡಿದ ಮಹಾನುಭಾವರಿಗೂ ಒಂದು ಹಗುರವಾದ ಮಾತಿನಿಂದ ಬೆಂಕಿ ಹೊತ್ತಿತಲ್ಲ ಎಂಬುದನ್ನು ನಾವು ಗಮನಿಸಬೇಕು. ಅವರ ಸಿಟ್ಟಿಗೆ ನ್ಯಾಯವಾದ ಕಾರಣವಿತ್ತು, ತನ್ನವರಿಗಾಗಿ ಬಂದ ಸಿಟ್ಟದು. ನಮ್ಮ ಬಹುಪಾಲು ಸಿಟ್ಟುಗಳೂ ತಮಗೆ ನ್ಯಾಯವಿದೆಯೆಂದೇ ಹೇಳಿಕೊಳ್ಳುತ್ತವೆ. ಮುಂದೆ ನಡೆದದ್ದು ಸಂವಾದ. ಪ್ರಭುಗಳು ಅವರನ್ನು ಕಲ್ಯಾಣಕ್ಕೆ ಕರೆದೊಯ್ದರು, ಚೆನ್ನಬಸವಣ್ಣನವರಿಂದ ಅವರಿಗೆ ಇಷ್ಟಲಿಂಗ ದೀಕ್ಷೆಯಾಯಿತು. ಹೊರಗೆ ಕಟ್ಟುವ ಕೆಲಸದಲ್ಲಿ ಮುಳುಗಿದ್ದವರಿಗೆ ಅಂಗೈಯಲ್ಲಿ ನಿಂತು ನೋಡಿಕೊಳ್ಳಲು ಒಂದು ಜಾಗ ಸಿಕ್ಕಿತು. ಕಾರ್ಖಾನೆಯ ನೌಕರನಾಗಿ ನಾನು ಈ ಪ್ರಸಂಗವನ್ನು ಓದುವುದು ಹೀಗೆ. ಪಂಡಿತರು ಇದರಲ್ಲಿ ಇನ್ನೂ ಆಳವಾದುದನ್ನು ಕಾಣುತ್ತಾರೆ.

ಹಾಗಾದರೆ ನಾಳೆ ಮುಂಜಾನೆ ಏನು ಮಾಡಬೇಕು? ನಿತ್ಯದ ಪೂಜೆಯ ಕ್ರಮವನ್ನು ಬದಲಿಸಬೇಕಾಗಿಲ್ಲ. ವಿಭೂತಿ ಧಾರಣೆ, ಅಭಿಷೇಕ, ಪತ್ರಿ ಪುಷ್ಪ ಎಲ್ಲ ಎಂದಿನಂತೆಯೇ ಇರಲಿ. ಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನಿಲ್ಲಿಸಿದಾಗ ಮೊದಲು ಹತ್ತು ಉಸಿರುಗಳಷ್ಟು ಜಪ ಮಾತ್ರ ನಡೆಯಲಿ; ಈ ಹಂತದಲ್ಲಿ ಯಾರ ಹೆಸರನ್ನೂ ಕರೆತರಬೇಡಿ. ಶರೀರ ತುಸು ತಣ್ಣಗಾದ ಮೇಲೆ ಆ ವ್ಯಕ್ತಿಯ ಹೆಸರನ್ನು ಮನಸ್ಸಿನಲ್ಲಿ ಹೇಳಿ, ಅವರಿಗಾಗಿ ಒಂದೇ ಒಂದು ಸಣ್ಣ, ನಿಮಗೆ ನಂಬಲು ಸಾಧ್ಯವಾಗುವ ಒಳಿತನ್ನು ಕೇಳಿ: ಅವರ ಮಂಡಿನೋವು ಇಳಿಯಲಿ, ಅವರ ಮಗಳ ಪರೀಕ್ಷೆ ಚೆನ್ನಾಗಿ ಆಗಲಿ, ಅವರಿಗೆ ನಿದ್ರೆ ಬರಲಿ. ಅವರ ಗುಣ ತಿದ್ದಲಿ, ಬುದ್ಧಿ ಬರಲಿ ಎಂದು ಕೇಳಬೇಡಿ. ಅದು ಒಳಿತನ್ನು ಕೇಳುವ ವೇಷದಲ್ಲಿ ಬಂದ ದೂರು. ನಡೆದ ಘಟನೆಯನ್ನು ಲಿಂಗದ ಮುಂದೆ ವಿವರಿಸಲೂ ಬೇಡಿ. ವಿವರಿಸುತ್ತ ಹೋದಂತೆ ಬಡಿತ ಏರುವುದನ್ನು ನೀವೇ ನಾಡಿ ಹಿಡಿದು ನೋಡಬಹುದು. ಒಂದು ಸಲ ಹೇಳಿ ಮತ್ತೆ ಜಪಕ್ಕೆ ಮರಳಿ. ಒಟ್ಟು ಎರಡು ನಿಮಿಷದ ಕೆಲಸ. ಮನಸ್ಸು ಒಪ್ಪದ ದಿನ ಅಪರಿಚಿತರಾದ ಒಬ್ಬ ರೋಗಿಗಾಗಿ, ಬಸ್ಸಿನಲ್ಲಿ ಕಂಡ ಮುದುಕಿಗಾಗಿ ಕೇಳಿದರೂ ಆಗುತ್ತದೆ.

ಕೆಲಸದ ನಡುವೆ ಸಿಟ್ಟು ಏರಿದರೆ? ಶರಣರಿಗೆ ಅದಕ್ಕೂ ಅನುಕೂಲವಿದೆ, ಲಿಂಗ ಎದೆಯ ಮೇಲೆಯೇ ಇದೆ. ಅಂಗಿಯ ಮೇಲಿಂದ ಕರಡಿಗೆಯ ಮೇಲೆ ಅಂಗೈ ಇಟ್ಟು ಮೂರು ದೀರ್ಘ ಉಸಿರು ಬಿಡಿ, ಆಮೇಲೆ ಮಾತಾಡಿ. (ತಿರುಗುವ ಯಂತ್ರದ ಬಳಿ ಇರುವವರು ಶಿವದಾರವನ್ನು ಸದಾ ಅಂಗಿಯ ಒಳಗೇ ಇರಿಸಿಕೊಳ್ಳಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.) ಕಲ್ಲಿನ ದೂಳಿನಲ್ಲಿ ದುಡಿದು ದಮ್ಮು ಇರುವವರು ಉಸಿರನ್ನು ಬಿಗಿಹಿಡಿಯಬಾರದು, ನಿಧಾನವಾಗಿ ಬಿಟ್ಟರೆ ಸಾಕು. ರಾತ್ರಿ ಪಾಳಿ ಮುಗಿಸಿ ಬಂದವರು ಪೂಜೆಯನ್ನು ಚಿಕ್ಕದು ಮಾಡಿ ಬೇಗ ಮಲಗಲಿ. ನಿದ್ರೆಗೆಟ್ಟು ಮಾಡಿದ ಒಂದು ತಾಸಿನ ಪೂಜೆಗಿಂತ ಅದು ಕೋಪಕ್ಕೆ ಒಳ್ಳೆಯ ಮದ್ದು. ಬೇಸಿಗೆಯಲ್ಲಿ ಬಾಯಾರುವ ಮೊದಲೇ ನೀರು ಕುಡಿಯಬೇಕು, ಮಜ್ಜಿಗೆ ಸಿಕ್ಕರೆ ಇನ್ನೂ ಒಳ್ಳೆಯದು.

ಈಗ ಬಹು ಮುಖ್ಯವಾದ ಮಾತು. ಪ್ರಾರ್ಥಿಸಿದರೆ ಸಾಕು, ಅನ್ಯಾಯವನ್ನು ಸಹಿಸಿಕೊಳ್ಳಿ ಎಂದು ನಾನು ಹೇಳಿದೆನೆಂದು ಯಾರೂ ತಿಳಿಯಬಾರದು. ಕಲ್ಯಾಣದ ಶರಣರು ಅನ್ಯಾಯದ ಎದುರು ಮೌನವಾಗಿ ಕುಳಿತವರಲ್ಲ. ಜೊತೆಯವರು ಸುರಕ್ಷತೆಯ ನಿಯಮವನ್ನು ಮುರಿದು ಇತರರ ಜೀವವನ್ನು ಅಪಾಯಕ್ಕೆ ಒಡ್ಡುತ್ತಿದ್ದರೆ ಅಂದೇ ಮೇಲಿನವರಿಗೆ ತಿಳಿಸಬೇಕು. ಜಾತಿ ಹಿಡಿದು ನಿಂದಿಸಿದರೆ, ಕೂಲಿಯನ್ನು ಹಿಡಿದಿಟ್ಟುಕೊಂಡರೆ ಕಾನೂನಿನ ದಾರಿ ಇದೆ. ಹೆಣ್ಣುಮಕ್ಕಳಿಗೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ 2013ರ ಕಾಯಿದೆಯ ಪ್ರಕಾರ 10 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಾಮಾನ್ಯವಾಗಿ ಘಟನೆಯಾದ 3 ತಿಂಗಳೊಳಗೆ ದೂರು ಸಲ್ಲಬೇಕು. ನಮ್ಮ ಅಕ್ಕತಂಗಿಯರಿಗೆ ‘ಶಾಂತಿಯಿಂದಿರು, ಪೂಜೆ ಮಾಡು’ ಎಂದು ಮಾತ್ರ ಹೇಳಿ ಕಳಿಸುವುದು ಧರ್ಮವಲ್ಲ.

ದೂರನ್ನು ಬರೆಯಬೇಕಾದವರಿಗೂ ತಣ್ಣನೆಯ ತಲೆ ಬೇಕು. ನಾನೂ ಕೊನೆಗೆ ಒಂದು ಟಿಪ್ಪಣಿ ಬರೆದೆ. ಎರಡು ವರ್ಷದ ಹಿಂದೆ ಬರೆದಿದ್ದರೆ ಅದರ ತುಂಬ ಆ ಮನುಷ್ಯನೇ ಇರುತ್ತಿದ್ದರು. ಈಗ ಬರೆದದ್ದರಲ್ಲಿ ರಿಜಿಸ್ಟರಿನ ಖಾಲಿ ಅಂಕಣಗಳಿದ್ದವು, ದಿನಾಂಕಗಳಿದ್ದವು, ಪಾಳಿ ಬದಲಾಗುವಾಗ ಇಬ್ಬರೂ ಸಹಿ ಮಾಡುವ ಪದ್ಧತಿ ಬೇಕೆಂಬ ಸೂಚನೆಯಿತ್ತು, ರಾತ್ರಿ ಪಾಳಿಯವರಿಗೆ ಗಾಡಿಯ ಹೊತ್ತಿಗೆ ಹೊಂದುವಂತೆ ಹತ್ತು ನಿಮಿಷ ಮುಂಚೆ ಬಿಡುವು ಕೊಡುವುದಾದರೆ ನಾನು ಅಷ್ಟು ಮುಂಚೆ ಬರಲು ಸಿದ್ಧನೆಂಬ ಮಾತಿತ್ತು. ಹೋಗುವ ಮುನ್ನ ಅದನ್ನು ಅವರಿಗೂ ತೋರಿಸಿದೆ. ಅವರು ಓದಿ, ಏನೂ ಅನ್ನದೆ ಹಿಂದಿರುಗಿಸಿದರು.

ಕೋಪದ ಜೊತೆಗೆ ನಿದ್ರೆ ಪೂರ್ತಿ ಹೋಗಿದ್ದರೆ, ಕುಡಿತ ಹೆಚ್ಚಿದ್ದರೆ, ಕೈ ಎತ್ತುವ ಮಟ್ಟಕ್ಕೆ ಬಂದಿದ್ದರೆ, ಅಥವಾ ಬದುಕೇ ಬೇಡವೆನಿಸುತ್ತಿದ್ದರೆ ಪೂಜೆಯೊಂದನ್ನೇ ನೆಚ್ಚಿ ಕೂಡಬಾರದು. 14416 ಎಂಬ ಟೆಲಿ ಮಾನಸ್ ಉಚಿತ ಸಂಖ್ಯೆಗೆ ಯಾವ ಹೊತ್ತಿನಲ್ಲಿಯಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ರಕ್ತದೊತ್ತಡದ ಗುಳಿಗೆಗಳನ್ನು, ಮನಸ್ಸು ಶಾಂತವಾಯಿತೆಂದು ತಾವೇ ನಿಲ್ಲಿಸಬೇಡಿ. ನನ್ನ ಒತ್ತಡ ಇಳಿದದ್ದು ಪೂಜೆಯಿಂದಲೋ ಗುಳಿಗೆಯಿಂದಲೋ ಎಂದು ಕೆಲವರು ಕೇಳುತ್ತಾರೆ. ನಾನು ಎರಡನ್ನೂ ಬಿಟ್ಟಿಲ್ಲ.

ಸೇಡಂನ ತರುಣರು ಎಷ್ಟು ದಿನ ಬೇಕಾಗುತ್ತದೆಂದೂ ಕೇಳಿದ್ದರು. ನನ್ನ ಲೆಕ್ಕ ಮೇಲೆ ಹೇಳಿದೆ. ನಿಮ್ಮದು ಬೇರೆ ಇರಬಹುದು. ಎರಡು ಪಾಳಿ ಒಟ್ಟಿಗೆ ಮಾಡಿ ದಣಿದ ದಿನಗಳಲ್ಲಿ ಆ ಹಳೆಯ ಮಾತು ನನಗೆ ಆಮೇಲೂ ನೆನಪಾಗುತ್ತಿತ್ತು, ಹಳೆಯ ಬಿಸಿಯೂ ತುಸು ಏರುತ್ತಿತ್ತು.

ಅವರು ನನಗಿಂತ ಎರಡು ವರ್ಷ ಮುಂಚೆ ನಿವೃತ್ತರಾದರು. ಆ ದಿನ ಕ್ಯಾಂಟೀನಿನ ಹಾಲಿನಲ್ಲಿ ಬೀಳ್ಕೊಡುಗೆ ನಡೆಯುತ್ತಿದ್ದಾಗ ನಾನು ಪ್ರಯೋಗಾಲಯಕ್ಕೆ ಬಂದು ರಿಜಿಸ್ಟರು ತೆರೆದೆ. ಕೊನೆಯ ಅಂಕಣ ಖಾಲಿ ಇತ್ತು. ಹುಡುಗನೊಬ್ಬನನ್ನು ಕಳಿಸಿ ಕರೆಸಿದೆ. ಕೊರಳಿನ ಹಾರವನ್ನೂ ತೆಗೆಯದೆ ಬಂದವರು ಪುಟವನ್ನು ನೋಡಿ, “ಇವತ್ತೂ ಬಿಡಂಗಿಲ್ಲೇನ್ರಿ ಅಣ್ಣಾವ್ರೆ?” ಎಂದು ನಗುತ್ತ ಕುಳಿತು, ಕನ್ನಡಕ ಹಾಕಿಕೊಂಡು ಬರೆದು ಸಹಿ ಮಾಡಿದರು. ಕೆಳಗೆ ನಾನೂ ಸಹಿ ಮಾಡಿದೆ.